ಬದಿಯಡ್ಕದ ಒಂದು ಕಂಪ್ಯೂಟರ್ ಅಂಗಡಿ: ಮೊದಲು ಅಳತೆ, ಆಮೇಲೆ ಮಾರಾಟ

ವೈಫೈ ನಿಧಾನ ಎಂದು ಹೇಳಿದ ಕೂಡಲೇ ಹೊಸ ರೂಟರಿನ ಬಾಕ್ಸ್ ತೆಗೆದು ಮೇಜಿನ ಮೇಲೆ ಇಡುವ ಅಂಗಡಿಗಳೇ ಜಾಸ್ತಿ. ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ಹಾಗೆ ಮಾಡದ ಒಂದು ಅಂಗಡಿ ಉಂಟು. ಮಾಳಿಗೆಯ ಮೇಲೆ ಒಂದು ಸಣ್ಣ ಕೋಣೆ, ಕೆಲಸ ಮಾಡುವವರು ಇಬ್ಬರೇ. ಇರುವ ಕೆಲಸವೇ ಮುಗಿಯುವುದಿಲ್ಲ, ಹೆಸರು ಹಾಕುವುದು ಬೇಡ ಎಂದು ಅವರೇ ಹೇಳಿದ ಕಾರಣ ಇಲ್ಲಿ ಹೆಸರು ಬರೆಯುತ್ತಿಲ್ಲ. ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯವರು ಪೇಟೆಯಲ್ಲಿ ಕೇಳಿದರೆ ಗೊತ್ತಾಗುತ್ತದೆ.

ಅವರು ನಮ್ಮ ಮನೆಗೆ ಬಂದು ಏನೇನು ನೋಡಿದರು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಮ್ಮ ಕಡೆ ತೋಟದ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ತರ. ಹಾಗಾಗಿ ನಮ್ಮಲ್ಲಿ ಆದದ್ದು ಇನ್ನೂ ತುಂಬಾ ಮನೆಗಳಲ್ಲಿ ಆಗುತ್ತಿರಬಹುದು.

ನನ್ನದು ಮನೆಯಲ್ಲೇ ಕೂತು ಪುಸ್ತಕಗಳ ಪುಟ ಕಟ್ಟುವ ಕೆಲಸ. ಮದುವೆ ಕಾಗದ, ಕವನ ಸಂಕಲನ, ಯಕ್ಷಗಾನ ಸಂಘದ ವಾರ್ಷಿಕ ಸಂಚಿಕೆ, ಎಲ್ಲಕ್ಕಿಂತ ಜಾಸ್ತಿ ದೇವಸ್ಥಾನಗಳ ಬ್ರಹ್ಮಕಲಶದ ಸ್ಮರಣ ಸಂಚಿಕೆ. ಇಂಥ ಸಂಚಿಕೆ ಎಂದರೆ ಫೋಟೊಗಳ ರಾಶಿ. ಒಂದು ಫೋಲ್ಡರು 600 ಎಂಬಿ ಆಗುವುದು ಮಾಮೂಲು. ಅದನ್ನು ಮಂಗಳೂರಿನ ಪ್ರೆಸ್ಸಿಗೆ ಕಳಿಸಬೇಕು. ಕಲಶದ ದಿನ ಮುಂದೆ ಹೋಗುವುದಿಲ್ಲ, ಪ್ರೆಸ್ಸಿನವರು ಕಾಯುವುದಿಲ್ಲ.

ನಮ್ಮ ಮನೆಗೆ ಫೈಬರ್ ಬಂದಿದೆ. 100 ಎಂಬಿಪಿಎಸ್ ಪ್ಲಾನು, ಅಪ್‌ಲೋಡಿಗೂ ಅಷ್ಟೇ ವೇಗ. ಈಗ ನಮ್ಮ ಕಡೆ ಕರೆಂಟಿನ ಕಂಬಗಳಲ್ಲಿ ತಂತಿಯ ಕೆಳಗೆ ಕಪ್ಪು ಫೈಬರ್ ಇಲ್ಲದ ಕಂಬ ಅಪರೂಪ. 2023ರ ಜೂನ್ 5ರಂದು ಕೇರಳ ಸರಕಾರದ ಕೆ-ಫೋನ್ ಎಂಬ ಫೈಬರ್ ಇಂಟರ್ನೆಟ್ ಕೂಡ ಶುರುವಾಯಿತು. ನಮ್ಮದು ಅದಲ್ಲ, ಬೇರೆ ಕೇಬಲಿನವರದ್ದು. ಒಟ್ಟಿನಲ್ಲಿ ಕಂಬದಿಂದ ಮನೆಯವರೆಗೆ ಇಂಟರ್ನೆಟ್ ಚೆನ್ನಾಗಿಯೇ ಬರುತ್ತದೆ. ಮನೆಯ ಒಳಗಿನ ದಾರಿಯಲ್ಲಿ ಅದು ಸಾಯುತ್ತದೆ. ಈ ಒಳಗಿನ ದಾರಿಯನ್ನು ನೋಡುವವರೇ ಇಲ್ಲ. ಕೇಬಲಿನವರು ಮೋಡೆಮಿನವರೆಗೆ ನೋಡುತ್ತಾರೆ, ಕಂಪ್ಯೂಟರ್ ರಿಪೇರಿಯವರು ಕಂಪ್ಯೂಟರಿನ ಡಬ್ಬದ ಒಳಗೆ ನೋಡುತ್ತಾರೆ. ನಡುವಿನ ಗೋಡೆ ಯಾರದ್ದೂ ಅಲ್ಲ. ಈ ಅಂಗಡಿಯವರ ಮೇಲೆ ನನಗೆ ಗೌರವ ಹುಟ್ಟಿದ್ದು ಅವರು ಆ ನಡುವಿನ ಜಾಗವನ್ನು ತಮ್ಮ ಕೆಲಸ ಎಂದು ತಿಳಿದು ನೋಡಿದ್ದಕ್ಕೆ.

ಮನೆ ಹೇಗಿದೆ ಎಂದು ಹೇಳುತ್ತೇನೆ. ಎದುರಿನ ಅರ್ಧ ಹಳೆಯದು. ಕೆಂಪುಕಲ್ಲಿನ ಗೋಡೆ, ಒಂದೂವರೆ ಅಡಿ ದಪ್ಪ, ಮೇಲೆ ಹಂಚು. ಹಿಂದಿನ ಅರ್ಧ ಆಮೇಲೆ ಕಟ್ಟಿದ್ದು, ಸಿಮೆಂಟ್ ಕಲ್ಲಿನ ತೆಳು ಗೋಡೆ, ತಾರಸಿ. ಫೈಬರ್ ಬಂದದ್ದು ಚಾವಡಿಯ ಕಿಟಕಿಯಿಂದ. ಹಾಗಾಗಿ ಮೋಡೆಮ್ ಅಲ್ಲೇ ಮೂಲೆಯಲ್ಲಿ, ಟಿವಿಗೂ ಕಬ್ಬಿಣದ ಕಪಾಟಿಗೂ ನಡುವೆ ಕೂತಿತು. ನನ್ನ ಕಂಪ್ಯೂಟರ್ ಅಡುಗೆಮನೆ ದಾಟಿ ಹಿಂದಿನ ಕೋಣೆಯಲ್ಲಿ. ಅದು ಜೋಡಿಸಿದ ಡೆಸ್ಕ್‌ಟಾಪ್, ಒಳಗೆ ವೈಫೈ ಇಲ್ಲ. ಜೋಡಿಸಿ ಕೊಟ್ಟವರು ಹಿಂದಿನ ಯುಎಸ್‌ಬಿ ಕಿಂಡಿಗೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ವೈಫೈ ಅಡಾಪ್ಟರ್ ಸಿಕ್ಕಿಸಿ ಕೊಟ್ಟಿದ್ದರು. ಅದರ ಪ್ಯಾಕೆಟಿನ ಮೇಲೆ 150 ಎಂಬಿಪಿಎಸ್ ಎಂದು ದೊಡ್ಡದಾಗಿ ಬರೆದಿತ್ತು.

ಆ ಕಂಪ್ಯೂಟರಿನಲ್ಲಿ ನನಗೆ ಸಿಗುತ್ತಿದ್ದದ್ದು 4 ಎಂಬಿಪಿಎಸ್. ಸಂಜೆ ಹೊತ್ತು ಅದೂ ಇಲ್ಲ, ಕನೆಕ್ಷನ್ನೇ ಕಡಿದು ಹೋಗುತ್ತಿತ್ತು. ಲೆಕ್ಕ ಹಾಕಿ ನೋಡಿ: ಎಂಬಿ ಬೇರೆ, ಎಂಬಿಪಿಎಸ್ಸಿನ ಎಂಬಿ ಬೇರೆ. ಮೊದಲನೆಯದು ಮೆಗಾಬೈಟ್, ಎರಡನೆಯದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಲೆಕ್ಕ. ಎಂಟು ಬಿಟ್ ಸೇರಿದರೆ ಒಂದು ಬೈಟ್. 600 ಎಂಬಿಯ ಫೋಲ್ಡರನ್ನು 4 ಎಂಬಿಪಿಎಸ್‌ನಲ್ಲಿ ಕಳಿಸಲು 20 ನಿಮಿಷ ಬೇಕು. ಹದಿನೆಂಟನೇ ನಿಮಿಷಕ್ಕೆ ಕಡಿದರೆ ಮತ್ತೆ ಮೊದಲಿಂದ.

ಕೇಬಲಿನವರಿಗೆ ಫೋನ್ ಮಾಡಿದರೆ ಒಂದೇ ಉತ್ತರ. ಮೋಡೆಮ್ ಆಫ್ ಮಾಡಿ ಆನ್ ಮಾಡಿ, ನಮ್ಮ ಕಡೆಯಿಂದ ಎಲ್ಲ ಸರಿ ಉಂಟು. ಪೇಟೆಯ ಇನ್ನೊಂದು ಅಂಗಡಿಯಲ್ಲಿ, ನಾನು ಮಾತು ಮುಗಿಸುವ ಮೊದಲೇ, 3,500 ರೂಪಾಯಿಯ ರೂಟರ್ ತೋರಿಸಿದರು. ಮನೆ ಎಷ್ಟು ದೊಡ್ಡದು, ಕಂಪ್ಯೂಟರ್ ಎಲ್ಲಿದೆ ಎಂದು ಒಂದು ಮಾತು ಕೇಳಲಿಲ್ಲ.

ಮಾಳಿಗೆಯ ಮೇಲಿನ ಅಂಗಡಿಗೆ ಫೋನ್ ಮಾಡಿದಾಗ ಅವರು ಮೊದಲು ಕೇಳಿದ್ದು ಹೀಗೆ:

"ಅಕ್ಕ, ಫೋನಿನಲ್ಲಿ ಹೇಗೆ ಉಂಟು?"

"ಫೋನಿನಲ್ಲಿ ತೊಂದರೆ ಇಲ್ಲ."

"ಚಾವಡಿಯಲ್ಲಿ ಕೂತಾ? ಕಂಪ್ಯೂಟರಿನ ಹತ್ತಿರ ಕೂತಾ?"

ಕಂಪ್ಯೂಟರಿನ ಪಕ್ಕದಲ್ಲೇ ಫೋನ್ ಹಿಡಿದು ನೋಡಿ ಹೇಳಿ ಎಂದರು. ನೋಡಿದೆ. ಫೋನಿನಲ್ಲಿ 40ರ ಹತ್ತಿರ ಬರುತ್ತಿತ್ತು, ಅದೇ ಮೇಜಿನ ಕಂಪ್ಯೂಟರಿನಲ್ಲಿ 4. "ಹಾಗಾದ್ರೆ ಲೈನಿಗೆ ಎಂತ ಆಗ್ಲಿಲ್ಲ, ಕಂಪ್ಯೂಟರಿನ ಕಿವಿಗೇ ಕೇಳ್ತಾ ಇಲ್ಲ, ನಾಳೆ ಬಂದು ನೋಡ್ತೇನೆ" ಎಂದರು. ಈ ಒಂದು ಪರೀಕ್ಷೆಗೆ ಖರ್ಚಿಲ್ಲ. ವೈಫೈ ನಿಧಾನ ಎನ್ನುವ ಎಲ್ಲರೂ ಮೊದಲು ಮಾಡಬೇಕಾದ್ದು ಇದೇ ಎಂದು ನನಗೆ ಈಗ ಅನ್ನಿಸುತ್ತದೆ.

ಬಂದವರು ಇಪ್ಪತ್ತೈದರ ಆಸುಪಾಸಿನ ಹುಡುಗ. ಬ್ಯಾಗಿನಲ್ಲಿ ಒಂದು ಹಳೆಯ ಲ್ಯಾಪ್‌ಟಾಪ್, ಒಂದು ಲ್ಯಾನ್ ವೈರು, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರು. ಮಾರುವ ಸಾಮಾನು ಒಂದೂ ತಂದಿರಲಿಲ್ಲ. ಚಾವಡಿಯಲ್ಲೇ ನಿಂತು ಮೋಡೆಮಿಗೆ ಲ್ಯಾನ್ ವೈರು ಹಾಕಿ ತಮ್ಮ ಲ್ಯಾಪ್‌ಟಾಪಿನಲ್ಲಿ ವೇಗ ನೋಡಿದರು. 94 ಬಂತು. 100ರ ಪ್ಲಾನಿಗೆ ವೈರಿನಲ್ಲಿ ಅಷ್ಟು ಬಂದರೆ ಪೂರ್ತಿ ಬಂದ ಹಾಗೆಯೇ, ಉಳಿದದ್ದು ಡಾಟಾ ಕಟ್ಟಿ ಕಳಿಸುವ ಖರ್ಚು ಎಂದು ವಿವರಿಸಿದರು. ಕೇಬಲಿನವರ ಮೇಲಿನ ನನ್ನ ಸಂಶಯ ಅಲ್ಲಿಗೇ ಮುಗಿಯಿತು. ಆಮೇಲೆ ಫೋನಿನಲ್ಲಿ ಸುತ್ತಮುತ್ತಲಿನ ವೈಫೈಗಳನ್ನು ತೋರಿಸುವ ಒಂದು ಆ್ಯಪ್ ತೆಗೆದರು. ನಮ್ಮದೊಂದು, ಕೆಳಗಿನ ಮನೆಯವರದ್ದು ತೀರಾ ಸಣ್ಣಗೆ ಇನ್ನೊಂದು. ಅಷ್ಟೇ. ಪಟ್ಟಣದ ಫ್ಲಾಟುಗಳಲ್ಲಿ ಇಪ್ಪತ್ತು ಮೂವತ್ತು ವೈಫೈಗಳು ಒಂದರ ಮೇಲೊಂದು ಬೀಳುತ್ತವೆ, ಅಲ್ಲಿ ವೈಫೈ ಓಡುವ ದಾರಿಗಳಾದ ಚಾನೆಲ್ 1, 6, 11ರಲ್ಲಿ ಯಾವುದು ಖಾಲಿ ಎಂದು ಹುಡುಕಬೇಕು, ನಿಮಗೆ ಅದು ಬೇಡ ಎಂದರು. ಇಂಟರ್ನೆಟ್‌ನಲ್ಲಿ ಹುಡುಕಿದರೆ ಎಲ್ಲರೂ ಚಾನೆಲ್ ಬದಲಿಸಿ ಎಂದೇ ಹೇಳುತ್ತಾರೆ. ತೋಟದ ನಡುವಿನ ಮನೆಗೆ ಆ ಮಾತು ಸೇರುವುದಿಲ್ಲ.

ಮತ್ತೆ ಕಂಪ್ಯೂಟರಿನ ಹತ್ತಿರ ಹೋದರು. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ತೆರೆದು "ನೆಟ್‌ಶ್ ಡಬ್ಲ್ಯುಲ್ಯಾನ್ ಶೋ ಇಂಟರ್‌ಫೇಸಸ್" ಎಂದು ಟೈಪ್ ಮಾಡಿದರು. ಒಂದು ಪಟ್ಟಿ ಬಂತು. ಅದರಲ್ಲಿ ಎರಡು ಸಾಲನ್ನು ಬೆರಳಿಟ್ಟು ತೋರಿಸಿದರು. ಸಿಗ್ನಲ್ 42 ಶೇಕಡಾ. ರಿಸೀವ್ ರೇಟ್ 13. ಪ್ಯಾಕೆಟಿನ ಮೇಲಿನ 150 ಎಂಬುದು ಎಲ್ಲ ಅನುಕೂಲ ಒಟ್ಟಾಗಿ ಬಂದರೆ ಮಾತ್ರ ಸಿಗುವ ಸಂಖ್ಯೆ. ಈ ಅಡಾಪ್ಟರಿಗೆ ಒಂದೇ ಆಂಟೆನಾ, ವೈಫೈಯ ರೇಡಿಯೊ ಪಟ್ಟಿಗಳಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡ್ ಮಾತ್ರ. ನಮ್ಮ ಮೋಡೆಮಿನಲ್ಲಿ ಇದ್ದ 20 ಮೆಗಾಹರ್ಟ್ಸ್ ಅಗಲದ ಚಾನೆಲಿನಲ್ಲಿ ಅದರ ಗರಿಷ್ಠವೇ 72. ಮೋಡೆಮ್ ಜೊತೆ ಈಗ ಒಪ್ಪಂದ ಆಗಿರುವುದು 13ಕ್ಕೆ. ಕೈಗೆ ಸಿಗುವುದು ಅದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಸ್ಪಷ್ಟವಾಗಿ ನನಗೆ ಯಾರೂ ಹೇಳಿರಲಿಲ್ಲ.

ಕನೆಕ್ಷನ್ ಕಡಿಯುವುದು ಯಾವಾಗ ಎಂದು ಕೇಳಿದರು. ಸಂಜೆ ಎಂದೆ. ನನ್ನ ಮಾತನ್ನು ನಂಬಿದರು, ಆದರೆ ಅಲ್ಲಿಗೆ ಬಿಡಲಿಲ್ಲ. ಅದೇ ಕಪ್ಪು ಪರದೆಯಲ್ಲಿ ಕೊನೆಯ ಪದ ಬದಲಿಸಿ "ಡಬ್ಲ್ಯುಲ್ಯಾನ್‌ರಿಪೋರ್ಟ್" ಎಂದು ಕೊಟ್ಟರು. ವಿಂಡೋಸ್ ಹಿಂದಿನ ಮೂರು ದಿನಗಳ ವೈಫೈ ಚರಿತ್ರೆಯನ್ನು ಒಂದು ಪುಟವಾಗಿ ತೆಗೆದುಕೊಟ್ಟಿತು. ಎಷ್ಟು ಗಂಟೆಗೆ ಸೇರಿತು, ಎಷ್ಟು ಗಂಟೆಗೆ ಕಡಿಯಿತು ಎಲ್ಲ ಇತ್ತು. ಕಡಿದದ್ದು ಮೂರೂ ದಿನ ಏಳು ಗಂಟೆ ಕಳೆದ ಮೇಲೆ.

"ಏಳು ಗಂಟೆಗೆ ಎಂತ ಮಾಡ್ತೀರಿ ಅಕ್ಕ?"

ಏಳು ಗಂಟೆಗೆ ನಾನು ಆ ದಿನದ ಕೆಲಸವನ್ನು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಹಾಕಿಡುತ್ತೇನೆ. ಅವರು ಮೇಜಿನ ಕೆಳಗೆ ಬಗ್ಗಿ ಟಾರ್ಚ್ ಹಾಕಿದರು. ಹಾರ್ಡ್ ಡಿಸ್ಕಿನ ವೈರು ನೀಲಿ ಬಣ್ಣದ ಯುಎಸ್‌ಬಿ 3.0 ಕಿಂಡಿಯಲ್ಲಿತ್ತು. ಅದರ ಪಕ್ಕದ ಕಿಂಡಿಯಲ್ಲೇ ಉಗುರಿನಷ್ಟು ಅಡಾಪ್ಟರ್. ಎರಡರ ನಡುವೆ ಒಂದು ಬೆರಳು ತೂರುವಷ್ಟೂ ಜಾಗ ಇರಲಿಲ್ಲ. ಹಿಂದೆ ಗೋಡೆ, ಎದುರಿಗೆ ಕಂಪ್ಯೂಟರಿನ ಕಬ್ಬಿಣದ ಕ್ಯಾಬಿನೆಟ್. ಹಾರ್ಡ್ ಡಿಸ್ಕಿಗೆ ಒಂದು ದೊಡ್ಡ ಫೋಲ್ಡರ್ ಕಾಪಿ ಮಾಡಲು ಹಚ್ಚಿ ವೇಗ ನೋಡಿದರು. 1 ಎಂಬಿಪಿಎಸ್, ಮತ್ತೆ ಸೊನ್ನೆ. ಹಾರ್ಡ್ ಡಿಸ್ಕನ್ನು ತೆಗೆದು ನೋಡಿದರು. 14.

ನನಗೆ ನಂಬಲಿಕ್ಕೆ ಆಗಲಿಲ್ಲ. ಒಂದು ವೈರು ತೆಗೆದದ್ದಕ್ಕೆ ಮೂರು ಪಟ್ಟು! ಅವರು ಕಾರಣ ಹೇಳಿದರು. ಯುಎಸ್‌ಬಿ 3.0 ಕೆಲಸ ಮಾಡುವಾಗ ಅದರ ವೈರು ಮತ್ತು ಕಿಂಡಿಯಿಂದ ರೇಡಿಯೊ ಗದ್ದಲ ಹೊರಗೆ ಬರುತ್ತದೆ. ಆ ಗದ್ದಲ 2.4 ಗಿಗಾಹರ್ಟ್ಸ್ ಜಾಗದಲ್ಲೂ ಬೀಳುತ್ತದೆ. ಪಕ್ಕದಲ್ಲೇ ಇರುವ ಸಣ್ಣ ಅಡಾಪ್ಟರಿಗೆ ದೂರದ ಮೋಡೆಮಿನ ಸಣ್ಣ ದನಿ ಕೇಳುವುದಿಲ್ಲ. ಇದು ಅಂಗಡಿಯವರ ಊಹೆ ಅಲ್ಲ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ವಿವರವಾಗಿ ಬರೆದಿದೆ. ಕಂಪ್ಯೂಟರ್ ಮಾರುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಗೊತ್ತಿದ್ದರೆ ಈ ಎರಡನ್ನು ಅಕ್ಕಪಕ್ಕದಲ್ಲಿ ಸಿಕ್ಕಿಸಿ ಕೊಡುತ್ತಿರಲಿಲ್ಲ ಅಲ್ವಾ.

ಮತ್ತೆ ತಮ್ಮ ಎಕ್ಸ್‌ಟೆನ್ಷನ್ ವೈರು ಹಾಕಿ ಅಡಾಪ್ಟರನ್ನು ಮೇಜಿನ ಮೇಲೆ, ಕ್ಯಾಬಿನೆಟ್ಟಿನಿಂದ ದೂರ ತಂದು ಇಟ್ಟರು. ವೈರನ್ನು ಎದುರಿನ ಯುಎಸ್‌ಬಿ 2.0 ಕಿಂಡಿಗೆ ಸಿಕ್ಕಿಸಿದರು. ಸಿಗ್ನಲ್ 42ರಿಂದ 66ಕ್ಕೆ ಏರಿತು. ವೇಗ 27. ಹಾರ್ಡ್ ಡಿಸ್ಕ್ ಮತ್ತೆ ಹಾಕಿದರೂ 25ಕ್ಕಿಂತ ಕೆಳಗೆ ಇಳಿಯಲಿಲ್ಲ. ಇಲ್ಲಿಯವರೆಗೆ ಆದ ಖರ್ಚು 150 ರೂಪಾಯಿಯ ಒಂದು ವೈರು. ರೂಟರ್ ಬೇಡ ಎಂದು ನನಗೆ ಗೊತ್ತಾದದ್ದು ಆ ಹೊತ್ತಿನಲ್ಲಿ.

ಉಳಿದದ್ದನ್ನು ಬೇಗ ಹೇಳುತ್ತೇನೆ. ಡಿವೈಸ್ ಮ್ಯಾನೇಜರಿನಲ್ಲಿ ಅಡಾಪ್ಟರಿನ ಪವರ್ ಮ್ಯಾನೇಜ್‌ಮೆಂಟ್ ಎಂಬಲ್ಲಿ, ಕರೆಂಟ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬುದಕ್ಕೆ ಟಿಕ್ ಇತ್ತು. ಅದನ್ನು ತೆಗೆದರು. ನಾನು ಊಟಕ್ಕೆ ಹೋಗಿ ಬಂದಾಗಲೆಲ್ಲ ವೈಫೈ ಮತ್ತೆ ಸೇರಲು ಒದ್ದಾಡುತ್ತಿದ್ದದ್ದು ಅದರಿಂದ. ಟಾಸ್ಕ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಕಾಲಮ್ಮಿನಲ್ಲಿ ಯಾರು ಎಷ್ಟು ತಿನ್ನುತ್ತಿದ್ದಾರೆ ಎಂದು ನೋಡಿದರು. ಕ್ಲೌಡಿಗೆ ಫೋಟೊ ಏರಿಸುವ ಪ್ರೋಗ್ರಾಮ್ ನನ್ನ ಸಂಚಿಕೆಯ ಫೋಟೊಗಳನ್ನು ಹಿಂದಿನಿಂದ ಏರಿಸುತ್ತಲೇ ಇತ್ತು. ಅದಕ್ಕೆ ರಾತ್ರಿಯ ಹೊತ್ತು ಕೊಟ್ಟರು. ವಿಂಡೋಸ್ ಅಪ್‌ಡೇಟನ್ನು ಬೇರೆ ಕಂಪ್ಯೂಟರುಗಳಿಗೆ ಹಂಚುವ ಸೆಟ್ಟಿಂಗನ್ನೂ ನಿಲ್ಲಿಸಿದರು. ಮೋಡೆಮಿನ ಒಳಗೆ ಹೋಗಿ ಪಾಸ್‌ವರ್ಡಿನ ಭದ್ರತೆ ಯಾವ ತರದ್ದು ಎಂದು ನೋಡಿದರು. ಟಿಕೆಐಪಿ ಎಂಬ ಹಳೆಯ ತರದ್ದು ಇದ್ದರೆ ವೇಗ 54ಕ್ಕೇ ನಿಲ್ಲುತ್ತದಂತೆ. ನಮ್ಮದು ಹೊಸ ತರದ್ದೇ ಇತ್ತು, ಮುಟ್ಟಲಿಲ್ಲ.

ಒಂದು ಪರೀಕ್ಷೆ ಮಾತ್ರ ಅತ್ತೆಯವರಿಗೂ ಇಷ್ಟವಾಯಿತು. ಮೋಡೆಮಿಗೂ ನನ್ನ ಕೋಣೆಗೂ ನಡುವೆ ಅಡುಗೆಮನೆ. ಅಲ್ಲಿ ಮೈಕ್ರೊವೇವ್ ಉಂಟು. ಒಂದು ಲೋಟ ನೀರು ಒಳಗೆ ಇಟ್ಟು ಒಂದು ನಿಮಿಷ ಓಡಿಸಿ ಎಂದು ಅತ್ತೆಯವರಿಗೆ ಹೇಳಿದರು. ಇತ್ತ ಕಂಪ್ಯೂಟರಿನಲ್ಲಿ ಮೋಡೆಮಿಗೆ ಪಿಂಗ್ ಓಡುತ್ತಿತ್ತು, ಎಂದರೆ ಕೂಗಿದರೆ ಉತ್ತರ ಬರಲು ಎಷ್ಟು ಹೊತ್ತು ಎಂದು ನೋಡುವ ಪರೀಕ್ಷೆ. 3, 4, 3 ಎಂದು ಬರುತ್ತಿದ್ದ ಮಿಲಿಸೆಕೆಂಡುಗಳು ಮೈಕ್ರೊವೇವ್ ಶುರುವಾದ ಕೂಡಲೇ 80, 210 ಆಗಿ, ಎರಡು ಸಲ ಉತ್ತರವೇ ಬರಲಿಲ್ಲ. ಟಿಂಗ್ ಎಂದು ನಿಂತಿತು, ಮತ್ತೆ 3, 4. ಮೈಕ್ರೊವೇವ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ನಮ್ಮ ವೈಫೈಯೂ ಅಲ್ಲೇ. "ಅಮ್ಮ, ನಿಮ್ಮದು ತಪ್ಪಲ್ಲ, ಜಾಗ ಒಂದೇ ಆದ್ದರಿಂದ" ಎಂದರು. ಅತ್ತೆಯವರು ಅದೇ ನೀರಿನಲ್ಲಿ ಅವರಿಗೆ ಚಹಾ ಮಾಡಿ ಕೊಟ್ಟರು.

ಇಷ್ಟಾದ ಮೇಲೆ ಮಾರಾಟದ ಮಾತು ಬಂತು. ಅದನ್ನೂ ಅವರೇ ಎತ್ತಲಿಲ್ಲ. 27 ಸಾಕಾ ಎಂದು ಕೇಳಿದರು. ನಾನು ಸಾಲದು ಎಂದೆ. 100ಕ್ಕೆ ಹಣ ಕೊಡುತ್ತಿದ್ದೇನೆ, ಹತ್ತಿರವಾದರೂ ಬರಬೇಕು. ಆಗ ನಾಲ್ಕು ದಾರಿ ಹೇಳಿದರು.

ಮೊದಲನೆಯದು ಲ್ಯಾನ್ ವೈರು. ಅಟ್ಟದ ಮೇಲಿನಿಂದ ಎಳೆದರೆ 25 ಮೀಟರ್ ಸಾಕು. 100 ಮೀಟರಿನವರೆಗೆ ವೇಗಕ್ಕೆ ಏನೂ ತೊಂದರೆ ಇಲ್ಲ. ಇಲಿ ಕಡಿಯದ ಹಾಗೆ ಪೈಪಿನ ಒಳಗೆ ಹಾಕಬೇಕು. ವೇಗದ ಲೆಕ್ಕದಲ್ಲಿ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ ಎಂದು ಅವರೇ ಹೇಳಿದರು. ಮತ್ತೆ ಅವರೇ ಇನ್ನೊಂದು ಪ್ರಶ್ನೆ ಕೇಳಿದರು: ಇಲ್ಲಿ ಸಿಡಿಲು ಹೇಗೆ?

ಇಲ್ಲಿ ಸಿಡಿಲು ಜೋರು. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಸುತ್ತು, ಮತ್ತೆ ತುಲಾ ತಿಂಗಳಲ್ಲಿ (ಅಕ್ಟೋಬರ್-ನವೆಂಬರ್) ಮಧ್ಯಾಹ್ನ ಕಳೆದ ಮೇಲೆ ಇನ್ನೊಂದು ಸುತ್ತು. ಅಂಗಳದಲ್ಲಿ ಅಡಿಕೆ ಹರಗಿದವರಿಗೆ ಆಕಾಶ ನೋಡುವುದೇ ಕೆಲಸ. ನಮ್ಮ ಹಳೆಯ ಲ್ಯಾಂಡ್‌ಲೈನ್ ಮೋಡೆಮ್ ಸಿಡಿಲಿಗೇ ಹೋದದ್ದು. ಫೈಬರ್ ಗಾಜು, ಅದರಲ್ಲಿ ಕರೆಂಟ್ ಬರುವುದಿಲ್ಲ. ಅದರ ಜೊತೆಗಿರುವ ಸ್ಟೀಲ್ ತಂತಿಯನ್ನು ಮನೆಯ ಹೊರಗೇ ಕಟ್ಟಿ ಮುಗಿಸಿರಬೇಕು, ಅಷ್ಟೇ. ಆದರೆ ಲ್ಯಾನ್ ವೈರು ತಾಮ್ರ. ಮನೆಯ ಆ ತುದಿಯಿಂದ ಈ ತುದಿಗೆ ತಾಮ್ರದ ವೈರು ಎಳೆದರೆ ಮೋಡೆಮಿಗೆ ಹೊಡೆದದ್ದು ಕಂಪ್ಯೂಟರಿಗೂ ಬರಬಹುದು. ಗುಡುಗು ಕೇಳಿದಾಗಲೆಲ್ಲ ಎರಡೂ ಕಡೆ ತೆಗೆದಿಡಬೇಕು. ನೀವು ಪೇಟೆಗೆ ಹೋಗಿದ್ದಾಗ ಯಾರು ತೆಗೆಯುತ್ತಾರೆ ಎಂದು ಕೇಳಿದರು. ವೈರು, ಪೈಪು, ಕೂಲಿ ಎಲ್ಲ ಸೇರಿ ಅವರಿಗೆ ಜಾಸ್ತಿ ಹಣ ಸಿಗುವ ಕೆಲಸ ಅದೇ. ಹಾಗಿದ್ದೂ ಈ ಪ್ರಶ್ನೆ ಕೇಳಿದರಲ್ಲ, ಅದು ನನಗೆ ತುಂಬಾ ದೊಡ್ಡದಾಗಿ ಕಂಡಿತು.

ಎರಡನೆಯದು ರಿಪೀಟರ್, ವೈಫೈಯನ್ನು ನಡುವೆ ಹಿಡಿದು ಮುಂದಕ್ಕೆ ದಾಟಿಸುವ ಡಬ್ಬ. ಒಂದೇ ರೇಡಿಯೊ ಇರುವ ರಿಪೀಟರ್ ಆದರೆ ಕೇಳುವುದಕ್ಕೂ ಹೇಳುವುದಕ್ಕೂ ಅದೇ ಬೇಕು, ವೇಗ ಅರ್ಧ ಆಗುತ್ತದೆ. ಬೇಡ ಎಂದರು. ಮೂರನೆಯದು ಎರಡು ಬ್ಯಾಂಡಿನ ಅಡಾಪ್ಟರ್, ಉದ್ದ ಆಂಟೆನಾ ಇರುವಂಥದ್ದು. 5 ಗಿಗಾಹರ್ಟ್ಸ್‌ನಲ್ಲಿ ವೇಗ ಜಾಸ್ತಿ, ಮೈಕ್ರೊವೇವಿನ ಕಾಟ ಇಲ್ಲ. ಆದರೆ ಅದು ದಪ್ಪ ಗೋಡೆ ದಾಟುವುದು ಕಷ್ಟ. ಮಳೆಗಾಲದಲ್ಲಿ ನೀರು ಹೀರಿದ ಕೆಂಪುಕಲ್ಲು ಇನ್ನೂ ಕಷ್ಟ. ಹಾಗಾಗಿ ನಾಲ್ಕನೆಯದೂ ಜೊತೆಗೆ ಬೇಕು: ಮೋಡೆಮಿನ ಜಾಗ ಬದಲಿಸುವುದು. ಕಬ್ಬಿಣದ ಕಪಾಟಿನ ಪಕ್ಕದಿಂದ ತೆಗೆದು ಅಡುಗೆಮನೆ ಬದಿಯ ಓಣಿಯಲ್ಲಿ, ಬಾಗಿಲಿನ ಮೇಲೆ ಇಟ್ಟರೆ ನನ್ನ ಕೋಣೆಗೆ ನಡುವೆ ಒಂದೇ ಒಂದು ಸಿಮೆಂಟ್ ಕಲ್ಲಿನ ಗೋಡೆ. ಚಾವಡಿಯ ಟಿವಿಗೆ 2.4 ಸಾಕು.

ನಾನು ಮೂರನ್ನೂ ನಾಲ್ಕನ್ನೂ ಒಟ್ಟಿಗೆ ಆರಿಸಿದೆ. ಅಡಾಪ್ಟರಿಗೆ 1,350 ರೂಪಾಯಿ. ಎರಡು ಬ್ಯಾಂಡಿಗೂ ಒಂದೇ ಹೆಸರು ಇತ್ತು, ಅದನ್ನು ಎರಡು ಹೆಸರು ಮಾಡಿ ಕಂಪ್ಯೂಟರನ್ನು 5ಕ್ಕೇ ಕಟ್ಟಿ ಹಾಕಿದರು. ಮೋಡೆಮ್ ಹಳೆಯ ಜಾಗದಲ್ಲಿದ್ದಾಗ ಹೊಸ ಅಡಾಪ್ಟರಿಗೆ ಸಿಕ್ಕಿದ್ದು 45. ಫೈಬರನ್ನು ಅವರು ಮುಟ್ಟಲಿಲ್ಲ. ಅದನ್ನು ಜೋರಾಗಿ ಬಗ್ಗಿಸಿದರೆ ಒಳಗಿನ ಬೆಳಕು ಸೋರಿ ಹೋಗುತ್ತದೆ, ತುದಿಗೆ ಧೂಳು ಕೂತರೂ ಕೆಡುತ್ತದೆ, ಅದಕ್ಕೆ ಕೇಬಲಿನವರೇ ಬರಬೇಕು ಎಂದು ಸ್ಪಷ್ಟವಾಗಿ ಹೇಳಿದರು. ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕದ ಈ ಗುಣ ನನಗೆ ಹಿಡಿಸಿತು. ಕೇಬಲಿನವರು ಬರಲು ಎಷ್ಟೋ ದಿನ ಮಾಡಿದರು. ಬಂದ ಮೇಲೆ ಹೊರಗಿನ ಗೋಡೆಯಲ್ಲಿ ಸುತ್ತಿಟ್ಟಿದ್ದ ಹೆಚ್ಚುವರಿ ಫೈಬರನ್ನೇ ಬಿಡಿಸಿ ಓಣಿಯವರೆಗೆ ತಂದರು.

ಈಗ ಕಪ್ಪು ಪರದೆಯ ಪಟ್ಟಿಯಲ್ಲಿ ಸಿಗ್ನಲ್ 86, ರಿಸೀವ್ ರೇಟ್ 325. ಕೈಗೆ ಸಿಗುವ ವೇಗ 88ರಿಂದ 92. ಏಳು ಗಂಟೆಗೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡುವಾಗಲೂ ಅಷ್ಟೇ. 600 ಎಂಬಿಯ ಫೋಲ್ಡರು ಒಂದು ನಿಮಿಷದ ಒಳಗೆ ಮಂಗಳೂರು ಸೇರುತ್ತದೆ. ಕಳೆದ ಬ್ರಹ್ಮಕಲಶದ ಸಂಚಿಕೆಯಲ್ಲಿ ಸಮಿತಿಯವರು ಕೊನೆಯ ಗಳಿಗೆಯಲ್ಲಿ ಎರಡು ಪುಟದ ದಾನಿಗಳ ಪಟ್ಟಿ ಬದಲಿಸಿದರು. ಹಿಂದೆ ಆಗಿದ್ದರೆ ಆಗುವುದಿಲ್ಲ ಎನ್ನುತ್ತಿದ್ದೆ. ಈ ಸಲ ಬದಲಿಸಿ ಕಳಿಸಿದೆ, ಎಲ್ಲರ ಹೆಸರೂ ಸರಿಯಾಗಿ ಅಚ್ಚಾಯಿತು.

ಭಾಷೆಯ ಮಾತು ಹೇಳದೆ ಇರಲಿಕ್ಕೆ ಆಗುವುದಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡದವರಾದ ನಮಗೆ ಆಫೀಸು, ಬಿಲ್ಲು, ಕಸ್ಟಮರ್ ಕೇರ್ ಎಲ್ಲ ಬೇರೆ ಭಾಷೆಯಲ್ಲೇ. ಮಲಯಾಳ ನಮಗೆ ಬರುತ್ತದೆ, ಅದು ಬೇಸರದ ಮಾತಲ್ಲ. ಆದರೆ ಅತ್ತೆಯವರ ವಯಸ್ಸಿನವರಿಗೆ ಮೋಡೆಮಿನ ಯಾವ ದೀಪ ಕೆಂಪಾದರೆ ಏನು ಎಂದು ಅವರ ಭಾಷೆಯಲ್ಲಿ ಹೇಳುವವರು ಬೇಕು. ಈ ಹುಡುಗನ ಮನೆಮಾತು ಮಲಯಾಳ. ನಮ್ಮಲ್ಲಿ ಎಲ್ಲವನ್ನೂ ಕನ್ನಡದಲ್ಲೇ ವಿವರಿಸಿದರು, ತೋಟದ ಕೆಲಸಕ್ಕೆ ಬಂದವರ ಹತ್ತಿರ ತುಳುವಿನಲ್ಲಿ ಮಾತಾಡಿದರು. ಹೋಗುವಾಗ ಒಂದು ಕಾಗದದಲ್ಲಿ ಕನ್ನಡದಲ್ಲೇ ಬರೆದು ಮೋಡೆಮಿನ ಪಕ್ಕ ಅಂಟಿಸಿದರು: ಸಿಡಿಲು ಬಂದರೆ ಪ್ಲಗ್ ತೆಗೆಯಿರಿ, ಫೈಬರಿನ ಹಳದಿ ವೈರು ಮುಟ್ಟಬೇಡಿ. ಅತ್ತೆಯವರು ಈಗ ಅದನ್ನು ಯಾರಿಗೂ ಕೇಳದೆ ಮಾಡುತ್ತಾರೆ.

ದೂರುಗಳೂ ಉಂಟು. ಹತ್ತು ಗಂಟೆಗೆ ಬರುತ್ತೇನೆ ಎಂದವರು ಬಂದದ್ದು ಹನ್ನೆರಡೂವರೆಗೆ, ತಡವಾಗುತ್ತದೆ ಎಂದು ಒಂದು ಫೋನ್ ಮಾಡಬಹುದಿತ್ತು. ಬಿಲ್ಲನ್ನು ಕೇಳಿದ ಮೇಲೆಯೇ ಕೊಟ್ಟರು. ಅಡಾಪ್ಟರಿನ ವಾರಂಟಿಗೆ ಬಿಲ್ಲು ಬೇಕೇ ಬೇಕು, ಕೇಳದೆ ಕೊಡಬೇಕು. ಹಳೆಯ ಮಾಳಿಗೆಯ ಮೆಟ್ಟಿಲು ತುಂಬಾ ಕಡಿದು, ವಯಸ್ಸಾದವರಿಗೆ ಹತ್ತಲಿಕ್ಕೆ ಆಗುವುದಿಲ್ಲ. ಕೆಳಗೆ ಕರೆಗಂಟೆಯ ಒಂದು ಸ್ವಿಚ್ ಆದರೂ ಇಡಬೇಕು ಎಂದು ಅವರಿಗೂ ಹೇಳಿದ್ದೇನೆ. ಮನೆಗೆ ಬಂದು ನೋಡಿದ್ದಕ್ಕೆ 400 ರೂಪಾಯಿ ತೆಗೆದುಕೊಂಡರು. ಎರಡು ಗಂಟೆಗೂ ಜಾಸ್ತಿ ಕೂತು ಮಾಡಿದ ಕೆಲಸಕ್ಕೆ ಅದು ಕಡಿಮೆಯೇ. ಸಾಮಾನು ಮಾರಿದರೆ ಮಾತ್ರ ಲಾಭ ಎಂದಾದರೆ ಸರಿಯಾಗಿ ನೋಡುವವರು ಉಳಿಯುವುದಿಲ್ಲ. ಇಂಥವರು ನೋಡಿದ್ದಕ್ಕೇ 600 ಕೇಳಿದರೂ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ಅವರನ್ನು ಕರೆಯುವ ಮೊದಲು ಫೋನನ್ನು ಮೋಡೆಮಿನ ಎದುರೇ ಹಿಡಿದು ಒಮ್ಮೆ ನೋಡಿ. ಅಲ್ಲೂ ನಿಧಾನ ಎಂದಾದರೆ ಕೇಬಲಿನವರಿಗೇ ಹೇಳಿ, ಇವರಿಗೆ ಹಣ ಕೊಡಬೇಕಾಗಿಲ್ಲ. ಕಂಪ್ಯೂಟರ್ ಮಾತ್ರ ನಿಧಾನ ಎಂದಾದರೆ ಕರೆಯಿರಿ. ಅವರು ಬರುವ ಮೊದಲು ಮೇಜು ಒರೆಸಿ ವೈರುಗಳನ್ನೆಲ್ಲ ಬಿಚ್ಚಿ ಜೋಡಿಸಿಡಬೇಡಿ. ಯಾವುದರ ಪಕ್ಕ ಯಾವುದು ಇತ್ತು ಎಂಬುದೇ ಅವರಿಗೆ ನೋಡಬೇಕಾದ್ದು.